ಕೊನೆಯ ಹದ ಉಣ್ಣುವವರ ಕೈಯಲ್ಲಿ

ಕೇಳುಗರಿಗೆ ನಮಸ್ಕಾರ.

ವಿಯೆಟ್ನಾಮಿನಲ್ಲಿ ಪರಿಚಿತರಿಬ್ಬರು ಹಾದಿಯಲ್ಲಿ ಎದುರಾದರೆ ಒಬ್ಬರು ಇನ್ನೊಬ್ಬರನ್ನು ‘ಆನ್ ಕೋಮ್ ಚುವಾ’ ಎಂದು ಕೇಳುವುದುಂಟು. ಅನ್ನ ಉಂಡಿರಾ ಎಂಬುದು ಅದರ ಅರ್ಥ. ‘ಊಟ ಆಯ್ತಾ’ ಎಂದೇ ಮಾತಿಗೆ ತೊಡಗುವ ನಮಗೆ ಈ ಪ್ರಶ್ನೆಯ ಹಿಂದಿನ ಅಕ್ಕರೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆ ದೇಶದ ದೊಡ್ಡ ನಗರಗಳಲ್ಲಿ ಈಚೆಗೆ ತಲೆಯೆತ್ತಿರುವ ಹೊಸ ಬಗೆಯ ರೆಸ್ಟೋರೆಂಟುಗಳ ಊಟದ ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಆ ಊಟವನ್ನು ಅರಿಯಲು ಮೊದಲು ಬೀದಿಬದಿಯ ಮೋಟು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತುಕೊಳ್ಳಬೇಕು. ಏನನ್ನೇ ಕೇಳಿದರೂ ಅದರ ಜೊತೆಗೆ ಒಂದು ಬುಟ್ಟಿ ಹಸಿ ಸೊಪ್ಪು ಬರುತ್ತದೆ. ತುಳಸಿಯ ಬಳಗದ ಘಾಟಿನ ಎಲೆ, ಪುದೀನ, ಒಂದು ಮಗ್ಗುಲು ಹಸಿರು ಇನ್ನೊಂದು ಮಗ್ಗುಲು ನೇರಳೆಯಾಗಿರುವ ‘ತಿಯಾ ತೊ’, ಕೊತ್ತಂಬರಿಗಿಂತ ಖಾರವಾದ ‘ರಾವ್ ರಾಮ್’, ಅಂಚಿನಲ್ಲಿ ಗರಗಸದ ಹಲ್ಲುಗಳಂತಿರುವ ಉದ್ದನೆಯ ಇನ್ನೊಂದು ಎಲೆ ಅದರಲ್ಲಿರುತ್ತವೆ. ನಡುವೆ ಒಂದು ಬಟ್ಟಲಲ್ಲಿ ನಿಂಬೆರಸ, ಸಕ್ಕರೆ, ಬೆಳ್ಳುಳ್ಳಿ, ಮೆಣಸಿನಕಾಯಿ ಬೆರೆಸಿದ ಮೀನಿನ ರಸ. ಯಾವ ಎಲೆಯನ್ನು ಎಷ್ಟು ಹರಿಯಬೇಕು, ಯಾವುದರಲ್ಲಿ ಸುತ್ತಬೇಕು, ಎಷ್ಟು ಅದ್ದಬೇಕು ಎಂಬುದನ್ನು ತೀರ್ಮಾನಿಸುವವರು ಉಣ್ಣುವವರೇ. ಬಾಳೆ ಎಲೆಯ ಮುಂದೆ ಕುಳಿತ ನಮ್ಮವರು ಅನ್ನಕ್ಕೆ ಎಷ್ಟು ಸಾರು, ಎಷ್ಟು ತುಪ್ಪ, ಯಾವ ಪಲ್ಯ ಎಂದು ತಮ್ಮ ಬೆರಳುಗಳಿಂದಲೇ ಗೊತ್ತುಮಾಡಿಕೊಂಡು ಕಲಸುವಂತೆ, ಅಲ್ಲಿಯೂ ಅಡಿಗೆಯ ಕೊನೆಯ ಹದ ನಡೆಯುವುದು ಉಣ್ಣುವವರ ಕೈಯಲ್ಲಿ. ನನ್ನ ಮಟ್ಟಿಗೆ ಆ ಪಾಕದ ಜೀವಾಳ ಅದೇ. ಹೊಸ ರೆಸ್ಟೋರೆಂಟುಗಳನ್ನು ನಾನು ತೂಗಿ ನೋಡುವುದೂ ಅದೇ ತಕ್ಕಡಿಯಲ್ಲಿ.

ಅವು ಇಷ್ಟು ತಡವಾಗಿ ಬಂದುದಕ್ಕೆ ಕಾರಣ ಆ ದೇಶದ ಚರಿತ್ರೆಯಲ್ಲಿದೆ. ಇಂದು ಜಗತ್ತಿಗೆಲ್ಲ ಗೊತ್ತಿರುವ ‘ಫೋ’ ಎಂಬ ಶಾವಿಗೆಯ ಸಾರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಉತ್ತರದ ಹನೋಯಿ, ನಾಮ್ ದಿನ್ ಸೀಮೆಯಲ್ಲಿ ರೂಪುಗೊಂಡಿತು. ದನದ ಮೂಳೆಗಳನ್ನು ತಾಸುಗಟ್ಟಲೆ ಕುದಿಸಿ, ಅದಕ್ಕೆ ಬೆಂಕಿಯಲ್ಲಿ ಸುಟ್ಟ ಶುಂಠಿ ಮತ್ತು ಈರುಳ್ಳಿ, ಚಕ್ಕೆ, ಲವಂಗ, ಕಪ್ಪು ಏಲಕ್ಕಿ, ಚಕ್ರಮೊಗ್ಗು ಸೇರಿಸುತ್ತಾರೆ. ನಮ್ಮ ಪಲಾವಿಗೆ ಬೀಳುವ ಚಕ್ರಮೊಗ್ಗಿಗೂ ಆ ನೆಲಕ್ಕೂ ನಂಟಿದೆ, ಏಕೆಂದರೆ ಭಾರತ ಆಮದು ಮಾಡಿಕೊಳ್ಳುವ ಚಕ್ರಮೊಗ್ಗಿನಲ್ಲಿ ದೊಡ್ಡ ಪಾಲು ವಿಯೆಟ್ನಾಮಿನದು. 1954ರಲ್ಲಿ ದೇಶ ಎರಡಾದಾಗ ದಕ್ಷಿಣಕ್ಕೆ ವಲಸೆ ಬಂದ ಲಕ್ಷಾಂತರ ಜನ ಈ ಸಾರಿನ ರುಚಿಯನ್ನೂ ತಮ್ಮೊಂದಿಗೆ ತಂದರು. ದಕ್ಷಿಣದವರು ಅದಕ್ಕೆ ಮೊಳಕೆಕಾಳು, ಸೊಪ್ಪಿನ ರಾಶಿ, ನಿಂಬೆಹೋಳು ಜೋಡಿಸಿ ತಮ್ಮದನ್ನಾಗಿ ಮಾಡಿಕೊಂಡರು. ಅತ್ತ ಉತ್ತರದಲ್ಲಿ ಯುದ್ಧದ ದಿನಗಳಲ್ಲಿ ಸರ್ಕಾರಿ ಊಟದ ಮನೆಗಳು ಮಾಂಸವೇ ಇಲ್ಲದ ಫೋ ಬಡಿಸುತ್ತಿದ್ದವು. ತಲೆಯ ಮೇಲೆ ಹಾರಾಡುತ್ತಿದ್ದ ಅಮೆರಿಕದ ಮಾನವರಹಿತ ವಿಮಾನಗಳನ್ನು ನೆನೆದು ಜನ ಆ ಬಟ್ಟಲಿಗೆ ‘ಚಾಲಕನಿಲ್ಲದ ಫೋ’ ಎಂದು ಹೆಸರಿಟ್ಟರು. ಯುದ್ಧ ಮುಗಿದ ಮೇಲೂ ಪಡಿತರ ಚೀಟಿಯ ಬದುಕು ಮುಂದುವರಿಯಿತು. 1986ರಲ್ಲಿ ‘ದೊಯ್ ಮೊಯ್’ ಎಂಬ ಆರ್ಥಿಕ ಸುಧಾರಣೆ ಆರಂಭವಾದ ಮೇಲೆಯೇ ಜನ ತಮ್ಮ ಅಂಗಡಿಗಳ ಬಾಗಿಲನ್ನು ನಿರಾಳವಾಗಿ ತೆರೆಯುವಂತಾಯಿತು. ಅನ್ನಕ್ಕೇ ಚೀಟಿ ಹಿಡಿದು ನಿಂತಿದ್ದ ತಲೆಮಾರಿನ ಮಕ್ಕಳು ಇಂದು ಅದೇ ಅನ್ನವನ್ನು ಹೇಗೆಲ್ಲ ಬಡಿಸಬಹುದೆಂದು ಯೋಚಿಸುತ್ತಿದ್ದಾರೆ ಎಂಬುದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ.

2023ರ ಜೂನ್ ತಿಂಗಳಲ್ಲಿ, ಒಳ್ಳೆಯ ಊಟದ ಮನೆಗಳಿಗೆ ತಾರೆಗಳನ್ನು ಕೊಡುವ ಫ್ರಾನ್ಸಿನ ಮಿಷೆಲಿನ್ ಕೈಪಿಡಿ ಮೊದಲ ಬಾರಿಗೆ ಹನೋಯಿ ಮತ್ತು ಹೋ ಚಿ ಮಿನ್ ನಗರಗಳ ಊಟದ ಮನೆಗಳನ್ನು ಗುರುತಿಸಿ, ನಾಲ್ಕಕ್ಕೆ ತಲಾ ಒಂದು ತಾರೆಯನ್ನು ನೀಡಿತು. ಹೋ ಚಿ ಮಿನ್ ನಗರದಲ್ಲಿ ಆ ಮನ್ನಣೆ ದೊರೆತದ್ದು ‘ಆನಾನ್ ಸೈಗಾನ್’ ಒಂದಕ್ಕೆ ಮಾತ್ರ. ‘ಆನ್ ಆನ್’ ಎಂದರೆ ಉಣ್ಣು, ಉಣ್ಣು ಎಂದರ್ಥ. ಹಳೆಯ ಸಂತೆಬೀದಿಯ ಒಂದು ಇಕ್ಕಟ್ಟಾದ ಮನೆಯಲ್ಲಿ ಅದನ್ನು 2017ರಲ್ಲಿ ಆರಂಭಿಸಿದವರು ಪೀಟರ್ ಕುವೊಂಗ್ ಫ್ರಾಂಕ್ಲಿನ್. ದಾ ಲಾತ್ ಎಂಬ ಗಿರಿಪಟ್ಟಣದಲ್ಲಿ ಹುಟ್ಟಿ, 1975ರಲ್ಲಿ ದೇಶ ಬಿಟ್ಟು, ಅಮೆರಿಕದಲ್ಲಿ ಬೆಳೆದು, ಹಣಕಾಸಿನ ಉದ್ಯೋಗವನ್ನು ತೊರೆದು ಸೌಟು ಹಿಡಿದವರು ಅವರು. ಹನೋಯಿಯಲ್ಲಿ ‘ಜಾ’ ಎಂಬ ರೆಸ್ಟೋರೆಂಟನ್ನು ಸ್ಯಾಮ್ ಚಾನ್ ಎಂಬ ಮಹಿಳೆ ನಡೆಸುತ್ತಾರೆ. ಆ ಹೆಸರಿಗೆ ಮನೆ, ಕುಟುಂಬ ಎಂಬ ಅರ್ಥವಿದೆ, ಋತು ಬದಲಾದಂತೆ ಅಲ್ಲಿನ ಊಟವೂ ಬದಲಾಗುತ್ತದೆ.

ಇಂಥ ಅಡಿಗೆಮನೆಗಳ ಕಸುವನ್ನು ಪರೀಕ್ಷಿಸುವ ವಸ್ತು ‘ನುವೊಕ್ ಮಾಮ್’, ಅಂದರೆ ಆಗಲೇ ಹೇಳಿದ ಮೀನಿನ ರಸ. ಕೊಲ್ಲತರು ಮೀನಿನಂಥ ಸಣ್ಣ ಮೀನುಗಳನ್ನು ಮೂರು ಪಾಲಿಗೆ ಒಂದು ಪಾಲಿನಂತೆ ಉಪ್ಪು ಬೆರೆಸಿ, ಮರದ ದೊಡ್ಡ ಪೀಪಾಯಿಗಳಲ್ಲಿ ಒಂದು ವರ್ಷದಷ್ಟು ಕಾಲ ಮುಚ್ಚಿಡುತ್ತಾರೆ. ಕೆಳಗಿನ ಕೊಳವೆಯಿಂದ ಇಳಿಯುವ ಮೊದಲ ರಸ ಜೇನಿನ ಬಣ್ಣದ್ದು. ಫು ಕುವೊಕ್ ದ್ವೀಪದ ರಸಕ್ಕೆ ಐರೋಪ್ಯ ಒಕ್ಕೂಟವು 2012ರಲ್ಲಿ ಮೂಲಸ್ಥಾನದ ರಕ್ಷಣೆಯನ್ನು ಕೊಟ್ಟಿದೆ. ನಾನು ಕರಾವಳಿಯವನು. ಒಣಮೀನನ್ನು ಕೆಂಡದಲ್ಲಿ ಸುಟ್ಟು ಚಟ್ನಿ ಅರೆಯುವ ಮನೆಯಲ್ಲಿ ಬೆಳೆದ ನನಗೆ ಆ ವಾಸನೆ ಪರಕೀಯವೆನಿಸಲಿಲ್ಲ. ಕೆಲವು ಹೊಸ ಅಡಿಗೆಯವರು ಈ ರಸವನ್ನು ಕೆನೆಯಲ್ಲಿ ಅಡಗಿಸಿ, ಇದೆಯೋ ಇಲ್ಲವೋ ಎನ್ನುವಂತೆ ಬಳಸುತ್ತಾರೆ. ವಿದೇಶಿ ಅತಿಥಿ ಮೂಗು ಮುರಿದಾನೆಂಬ ಅಳುಕು ಅದರ ಹಿಂದಿದ್ದರೆ ಅದು ಬೇಡದ ಅಳುಕು. ತಮ್ಮ ಅಜ್ಜಿಯ ಬಟ್ಟಲಿನ ರುಚಿಯನ್ನು ಮುಚ್ಚಿಡುವ ಅಗತ್ಯ ಯಾರಿಗೂ ಇಲ್ಲ.

ಹೋ ಚಿ ಮಿನ್ ನಗರದ ಇಂಥ ಒಂದು ರೆಸ್ಟೋರೆಂಟಿಗೆ ನಾನು ಹೋಗಿದ್ದ ಸಂಜೆಯನ್ನು ಹೇಳುತ್ತೇನೆ. ಅದರ ಹೆಸರು ಇಲ್ಲಿ ಬೇಡ. ಬಡಿಸುವ ಕ್ರಮದಲ್ಲಿ ನಾಲ್ಕನೆಯದು ‘ಬಾನ್ ಸೇಓ’. ಅಕ್ಕಿಹಿಟ್ಟಿಗೆ ಅರಿಸಿನ, ತೆಂಗಿನಹಾಲು ಸೇರಿಸಿ ತೆಳುವಾಗಿ ಹೊಯ್ದು, ಸಿಗಡಿ ಮತ್ತು ಮೊಳಕೆಕಾಳು ಉದುರಿಸಿ ಮಡಚುವ ಗರಿಗರಿಯಾದ ದೋಸೆ ಅದು. ಬಿಸಿ ಬಾಣಲೆಗೆ ಹಿಟ್ಟು ಬಿದ್ದಾಗ ನಮ್ಮ ಕಿವಿಗೆ ‘ಚುಂಯ್’ ಎಂದು ಕೇಳುವ ಸದ್ದು ಅವರ ಕಿವಿಗೆ ‘ಸೇಓ’ ಎಂದು ಕೇಳುತ್ತದೆ, ತಿಂಡಿಗೆ ಹೆಸರು ಬಂದದ್ದು ಆ ಸದ್ದಿನಿಂದಲೇ. ನನ್ನ ಮುಂದೆ ಬಂದದ್ದು ಕಪ್ಪು ಕಲ್ಲಿನ ಮೇಲೆ ನಿಲ್ಲಿಸಿದ ಬೆರಳುದ್ದದ ಒಂದು ಮಡಚಿದ ದೋಸೆ, ಅದರ ನೆತ್ತಿಯ ಮೇಲೆ ಚಿಮಟದಲ್ಲಿ ಇಟ್ಟ ಒಂದೇ ಒಂದು ಎಲೆ, ಪಕ್ಕದಲ್ಲಿ ಮೂರು ತೊಟ್ಟು ರಸ. ರುಚಿ ಚೆನ್ನಾಗಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಎರಡು ತುತ್ತಿಗೆ ಮುಗಿದ ಆ ತಿಂಡಿಯಲ್ಲಿ ನನ್ನ ಕೈಗೆ ಯಾವ ಕೆಲಸವನ್ನೂ ಉಳಿಸಿರಲಿಲ್ಲ. ಸೊಪ್ಪಿನ ಬುಟ್ಟಿ ಸಿಗುವುದೇ ಎಂದು ಬಡಿಸುತ್ತಿದ್ದ ಹುಡುಗಿಯನ್ನು ಕೇಳಿದೆ. ಆಕೆ ಒಳಗೆ ಹೋಗಿ, ತಮ್ಮ ರಾತ್ರಿಯ ಊಟಕ್ಕೆಂದು ತೊಳೆದಿಟ್ಟಿದ್ದ ಸೊಪ್ಪನ್ನೇ ಒಂದು ಪ್ಲಾಸ್ಟಿಕ್ ಜರಡಿಯಲ್ಲಿ ತಂದಿಟ್ಟಳು. ಅದರ ಹಿಂದೆಯೇ ಅಡಿಗೆಯವರು ಮಾಡಿ ಕಳಿಸಿದ ಪೂರ್ಣ ಗಾತ್ರದ ಇನ್ನೊಂದು ಬಾನ್ ಸೇಓ ಬಂತು. ಅಂಗೈಯಗಲದ ಸಾಸಿವೆ ಸೊಪ್ಪನ್ನು ಹರಡಿ, ದೋಸೆಯ ಒಂದು ತುಂಡು ಮುರಿದಿಟ್ಟು, ನೇರಳೆ ಬಣ್ಣದ ಎಲೆ ಸೇರಿಸಿ, ಬೀಡ ಕಟ್ಟುವಂತೆ ಬಿಗಿಯಾಗಿ ಸುತ್ತುವುದನ್ನು ಆಕೆಯೇ ತೋರಿಸಿಕೊಟ್ಟಳು. ಸಾಸಿವೆ ಸೊಪ್ಪಿನ ಘಾಟು ಮೂಗಿಗೇರಿತು. ಅಲ್ಲಿಯವರೆಗೆ ಕಲಾಕೃತಿಗಳನ್ನು ನೋಡುವಂತೆ ಕುಳಿತಿದ್ದ ನಾನು ಆಗ ಉಣ್ಣತೊಡಗಿದೆ.

ಮೀನು, ಮಾಂಸ ಮುಟ್ಟದ ಕೇಳುಗರು ಆ ದೇಶಕ್ಕೆ ಹೋದರೆ ‘ಚಾಯ್’ ಎಂಬ ಒಂದು ಶಬ್ದವನ್ನು ನೆನಪಿಡಬೇಕು. ನಮ್ಮ ಚಹಾದಂತೆ ಕೇಳಿಸಿದರೂ ಅದರ ಅರ್ಥ ಸಸ್ಯಾಹಾರ. ಬರಿಯ ತರಕಾರಿ ಕೊಡಿ ಎಂದರೆ ಸಾಲದು, ಹುರಿದ ಸೊಪ್ಪಿನಲ್ಲಿಯೂ ಮೀನಿನ ರಸ ಇರುತ್ತದೆ. ಬೌದ್ಧ ಪದ್ಧತಿಯಂತೆ ಚಾಂದ್ರಮಾಸದ ಮೊದಲ ದಿನ ಮತ್ತು ಹದಿನೈದನೆಯ ದಿನ, ಎಂದರೆ ನಮ್ಮ ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ, ಅಲ್ಲಿನ ಬಹಳಷ್ಟು ಜನ ಸಸ್ಯಾಹಾರವನ್ನೇ ಉಣ್ಣುತ್ತಾರೆ. ಈ ಆಚರಣೆಯ ಬೆಂಬಲದಿಂದ ಅಣಬೆ, ತಾವರೆಯ ಬೀಜ, ಎಳೆ ಹಲಸು, ಬಾಳೆಹೂವುಗಳಿಂದಲೇ ಇಡೀ ಊಟ ಕಟ್ಟುವ ಹೊಸ ರೆಸ್ಟೋರೆಂಟುಗಳೂ ಎರಡು ನಗರಗಳಲ್ಲಿವೆ.

ಆ ಸಂಜೆಯ ಊಟ ಮುಗಿದದ್ದು ಕಾಫಿಯಲ್ಲಿ. ಫ್ರೆಂಚರು ಹತ್ತೊಂಬತ್ತನೆಯ ಶತಮಾನದಲ್ಲಿ ತಂದ ಬೆಳೆ ಅದು. ಇಂದು ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲಿ ಹೆಚ್ಚು ಕಾಫಿ ಬೆಳೆಯುವ ದೇಶ ವಿಯೆಟ್ನಾಮ್, ಅದರಲ್ಲಿ ಬಹುಪಾಲು ನಮ್ಮ ಕೊಡಗಿನವರಿಗೆ ಚೆನ್ನಾಗಿ ಗೊತ್ತಿರುವ ರೋಬಸ್ಟಾ. ಲೋಟದ ತಳದಲ್ಲಿ ಎರಡು ಬೆರಳು ಗಟ್ಟಿ ಸಿಹಿಹಾಲು ಇತ್ತು, ಮೇಲೆ ‘ಫಿನ್’ ಎಂಬ ಪುಟ್ಟ ಲೋಹದ ಫಿಲ್ಟರ್ ಕುಳಿತಿತ್ತು. ಕಪ್ಪು ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಇಳಿದು ಬಿಳಿಯ ಹಾಲಿನ ಮೇಲೆ ನಿಲ್ಲುತ್ತಿತ್ತು. ಆ ಹುಡುಗಿ ಲೋಟದ ಪಕ್ಕದಲ್ಲಿ ಉದ್ದನೆಯ ಚಮಚವೊಂದನ್ನು ಇಟ್ಟು, ಕಲಕುವುದನ್ನು ನನಗೆ ಬಿಟ್ಟು ಹೋದಳು.