ಬದುವಿನ ಬುಡ್ಡೆ ಹಣ್ಣು ತಾರಸಿಗೆ ಬಂತು

ಕೇಳುಗರಿಗೆಲ್ಲ ನಮಸ್ಕಾರ.

ಚಿಕ್ಕವರಿದ್ದಾಗ ಅಮ್ಮನ ಜೊತೆ ರಾಗಿ ಹೊಲಕ್ಕೆ ಕಳೆ ಕೀಳೋಕೆ ಹೋದವರಿಗೆ ಬುಡ್ಡೆ ಹಣ್ಣು ಗೊತ್ತಿರುತ್ತದೆ. ಗುಪ್ಪಟೆ ಹಣ್ಣು ಅಂತಲೂ ಕರೆಯುತ್ತಾರೆ. ಪುಟ್ಟ ಲಾಟೀನಿನ ಹಾಗೆ ಒಂದು ಬುಡ್ಡೆ, ಅದರೊಳಗೆ ಗೋಲಿಗಿಂತ ಚಿಕ್ಕ ಹಣ್ಣು. ಎಳೆ ಬುಡ್ಡೆ ಸಿಕ್ಕರೆ ಪಕ್ಕದವರ ಹಣೆಗೆ ಟಪ್ ಅಂತ ಒಡೆಯೋದು, ಮಾಗಿದ್ದು ಸಿಕ್ಕರೆ ಬಾಯಿಗೆ ಹಾಕಿಕೊಳ್ಳೋದು. ಅದೇ ಬದುವಿನಲ್ಲಿ ಗಣಿಕೆ ಗಿಡವೂ ಇರುತ್ತಿತ್ತು. ಕೆಲವು ಕಡೆ ಕಾಕಿ ಹಣ್ಣು ಅಂತಾರೆ. ಕಾಳುಮೆಣಸಿಗಿಂತ ಸ್ವಲ್ಪ ದಪ್ಪ, ಗೊಂಚಲು ಗೊಂಚಲಾಗಿ ಕಪ್ಪಗೆ ಹೊಳೆಯುತ್ತಿತ್ತು, ಒಂದು ಹಿಡಿ ತಿಂದರೆ ನಾಲಿಗೆಯೆಲ್ಲ ನೇರಳೆ.

ಇವೆರಡೂ ಬದನೆ, ಟೊಮೆಟೊ, ಮೆಣಸಿನಕಾಯಿ, ಆಲೂಗಡ್ಡೆಯ ಕುಟುಂಬದವೇ. ನಾವು ಮಾತ್ರ ಅವನ್ನು ಕಳೆ ಅಂತ ಕಿತ್ತು ಎಸೆದೆವು. ಈಗ ಹೊಲದಲ್ಲಿ ಕಳೆನಾಶಕ ಹೊಡೆಯೋದು ಜಾಸ್ತಿಯಾಗಿ, ನಮ್ಮೂರಲ್ಲಿ ಹುಡುಕಿದರೂ ಮಕ್ಕಳ ಕೈಗೆ ಒಂದು ಬುಡ್ಡೆ ಹಣ್ಣು ಸಿಗೋದು ಕಷ್ಟ. ಅದಕ್ಕೇ ನಾನು ಬೆಂಗಳೂರಿನ ತಾರಸಿಯಲ್ಲಿ ಇವನ್ನು ಬೇಕು ಅಂತಲೇ ಬೆಳೆಸುತ್ತಿದ್ದೇನೆ. ನೀವೂ ಬೆಳೆಸಬೇಕು ಅನ್ನೋದು ನನ್ನ ಆಸೆ.

ಶುರು ಮಾಡೋದಾದರೆ ರಸಭರಿಯಿಂದ ಶುರು ಮಾಡಿ. ಇದು ನಮ್ಮ ಬುಡ್ಡೆ ಹಣ್ಣಿನ ದೊಡ್ಡ ಅಕ್ಕ. ಊರು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟ. ಅಲ್ಲಿಂದ ದಕ್ಷಿಣ ಆಫ್ರಿಕಾದ ಕೇಪ್ ಪ್ರಾಂತ್ಯಕ್ಕೆ ಹೋಗಿ, 19ನೇ ಶತಮಾನದಲ್ಲಿ ಅಲ್ಲಿ ಚೆನ್ನಾಗಿ ಬೆಳೆದದ್ದರಿಂದ ಕೇಪ್ ಗೂಸ್‌ಬೆರಿ ಅನ್ನೋ ಹೆಸರು ಬಂತು. ನೆಲ್ಲಿಕಾಯಿಗೂ ಇದಕ್ಕೂ ಏನೂ ಸಂಬಂಧ ಇಲ್ಲ. ಉತ್ತರ ಭಾರತದಲ್ಲಿ ಚಳಿಗಾಲ ಮುಗಿಯೋ ಹೊತ್ತಿಗೆ ತಳ್ಳುಗಾಡಿಗಳಲ್ಲಿ ರಾಶಿ ರಾಶಿ ಮಾರುತ್ತಾರೆ. ನಮ್ಮಲ್ಲಿ ಅದೇ ಹಣ್ಣು ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂತು, ಬೆಲೆ ನೋಡಿದರೆ ವಾಪಸ್ ಇಡುವ ಹಾಗಿರುತ್ತದೆ.

ಬೀಜ ಬದನೆ ಬೀಜಕ್ಕಿಂತ ಸಣ್ಣದು. ಜೂನ್ ತಿಂಗಳಲ್ಲಿ ಟ್ರೇಯಲ್ಲಿ ಉದುರಿಸಿ, ಮೇಲೆ ತೆಳ್ಳಗೆ ಮಣ್ಣು ಮುಚ್ಚಿ. ಹದಿನೈದು ದಿನ ಮೊಳಕೆ ಕಾಣದಿದ್ದರೂ ಕೆದಕಬೇಡಿ. ಸಸಿ ಒಂದು ಗೇಣು ಆದಮೇಲೆ ಹದಿನೈದು ಲೀಟರಿನ ಹಳೆ ಬಕೆಟ್ಟಿಗೆ ತೂತು ಮಾಡಿ ನೆಡಿ. ಕೆಂಪು ಮಣ್ಣು, ಹಳೆಯ ಕೊಟ್ಟಿಗೆ ಗೊಬ್ಬರ, ಸ್ವಲ್ಪ ಮರಳು, ಅಷ್ಟೇ ಸಾಕು. ಪ್ರೀತಿ ಇದೆ ಅಂತ ಯೂರಿಯಾ ಹಾಕಬೇಡಿ. ಗಿಡ ಸೊಂಪಾಗಿ, ಎದೆ ಮಟ್ಟಕ್ಕೆ, ಬರೀ ಎಲೆಯಾಗಿ ಬೆಳೆದು ನಿಲ್ಲುತ್ತದೆ, ಹಣ್ಣು ಕೇಳಬೇಡಿ. ಕೊಂಬೆ ಅಡ್ಡಡ್ಡ ಹರಡುತ್ತದಾದ್ದರಿಂದ ಮೂರು ಕೋಲು ಊರಿ ಸುತ್ತ ದಾರ ಕಟ್ಟಿ. ಹೂವು ಹಳದಿ, ನಡುವೆ ಕಂದು ಮಚ್ಚೆ, ಬಾಗಿಕೊಂಡಿರುತ್ತದೆ. ಹೂವು ಬಿಟ್ಟಾಗ ಬೆಳಿಗ್ಗೆ ಕೊಂಬೆಯನ್ನು ಮೆಲ್ಲಗೆ ಅಲ್ಲಾಡಿಸಿದರೆ ಕಾಯಿ ಚೆನ್ನಾಗಿ ಕಚ್ಚುತ್ತದೆ.

ಮೊದಲ ವರ್ಷ ನನಗೆ ಆದದ್ದು ಹೇಳುತ್ತೇನೆ. ಹಿಂದಿನ ಸಲ ಟೊಮೆಟೊ ಬೆಳೆದಿದ್ದ ಅದೇ ಕುಂಡ, ಅದೇ ಮಣ್ಣು. ಗಿಡ ಸೊಂಟದ ಎತ್ತರ ಬಂದಿತ್ತು, ಕಾಯಿ ಹಿಡಿದಿತ್ತು. ಒಂದು ಮಧ್ಯಾಹ್ನ ಎಲೆಗಳೆಲ್ಲ ಜೋತುಬಿದ್ದವು. ಬಿಸಿಲಿಗೆ ಇರಬೇಕು ಅಂತ ನೀರು ಹಾಕಿದೆ. ಸಂಜೆ ಎದ್ದುಕೊಂಡವು, ಮರುದಿನ ಮತ್ತೆ ಜೋತುಬಿದ್ದವು, ಮೂರನೇ ದಿನ ಏಳಲೇ ಇಲ್ಲ. ಎಲೆ ಒಂದೂ ಹಳದಿಯಾಗಿರಲಿಲ್ಲ, ಹಸಿರಾಗಿದ್ದ ಹಾಗೇ ಸತ್ತುಹೋಯಿತು. ಪರಿಚಯದ ರೈತರೊಬ್ಬರು ಹೇಳಿದ ಹಾಗೆ ಬುಡದ ಹತ್ತಿರ ಕಾಂಡ ಕೊಯ್ದು, ಗಾಜಿನ ಲೋಟದ ನೀರಲ್ಲಿ ತುದಿ ಮುಳುಗಿಸಿ ಹಿಡಿದೆ. ಒಂದೆರಡು ನಿಮಿಷಕ್ಕೆ ಕೊಯ್ದ ಜಾಗದಿಂದ ಬೆಳ್ಳನೆಯ ಎಳೆ ಇಳಿಯಿತು, ಹಾಲಿನ ದಾರದ ಹಾಗೆ. ಅದು ದುಂಡಾಣು ಸೊರಗು ರೋಗ. ಮಣ್ಣಲ್ಲೇ ಉಳಿದಿರುತ್ತದೆ, ಈ ಕುಟುಂಬದ ಹೆಚ್ಚಿನ ಗಿಡಗಳನ್ನು ಹಿಡಿಯುತ್ತದೆ. ಅಂದಿನಿಂದ ಬದನೆ, ಟೊಮೆಟೊ, ಮೆಣಸಿನ ಗಿಡ ಇದ್ದ ಮಣ್ಣಿಗೆ ಇವನ್ನು ಇಡುವುದೇ ಇಲ್ಲ. ಆ ಮಣ್ಣಿಗೆ ಸೊಪ್ಪು, ಹುರುಳಿ ಹಾಕುತ್ತೇನೆ. ಸೊಂಡೆ ಗಿಡದ ಬೇರು ಈ ರೋಗವನ್ನು ತಡೆದುಕೊಳ್ಳುತ್ತದೆ, ಅದಕ್ಕೇ ಬದನೆ ಬೆಳೆಗಾರರು ಅದರ ಬೇರಿನ ಮೇಲೆ ಬದನೆ ಕಸಿ ಕಟ್ಟುತ್ತಾರೆ. ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿ ಕರಿಯುತ್ತೇವಲ್ಲ, ಅದೇ ಸೊಂಡೆಕಾಯಿಯ ಗಿಡ.

ಹಣ್ಣು ಕೀಳೋ ಕೆಲಸವೇ ಇಲ್ಲ. ಮಾಗಿದಾಗ ಬುಡ್ಡೆ ಹಸಿರು ಬಿಟ್ಟು ಒಣ ಹುಲ್ಲಿನ ಬಣ್ಣಕ್ಕೆ ತಿರುಗಿ, ತಾನೇ ಕೆಳಗೆ ಬೀಳುತ್ತದೆ. ಡಿಸೆಂಬರಿನಲ್ಲಿ ಬೆಳಿಗ್ಗೆ ಎದ್ದು ತಾರಸಿಗೆ ಹೋದರೆ ಕುಂಡದ ಸುತ್ತ ಏಳೆಂಟು ಬಿದ್ದಿರುತ್ತವೆ. ಬಿಡಿಸಿದರೆ ಒಳಗೆ ಕಿತ್ತಳೆ ಹಳದಿ ಹಣ್ಣು, ಮುಟ್ಟಿದರೆ ಬೆರಳಿಗೆ ಸ್ವಲ್ಪ ಅಂಟು. ತೊಳೆದು ಬಾಯಿಗೆ ಹಾಕಿದರೆ ಮೊದಲು ಹುಳಿ, ಹಿಂದೆಯೇ ಸಿಹಿ, ಕೊನೆಗೆ ಅನಾನಸಿನ ಘಮ. ಬುಡ್ಡೆ ತೆಗೆಯದೆ ಗಾಳಿಯಾಡುವ ಬುಟ್ಟಿಯಲ್ಲಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ.

ಕೊಡಗು, ಚಿಕ್ಕಮಗಳೂರಿನ ತಂಪಿನಲ್ಲಿ ಇರುವವರು ಮರ ಟೊಮೆಟೊ ಹಾಕಿ ನೋಡಿ. ಅದೂ ಆಂಡಿಸ್ ಕಡೆಯದೇ, ನೀಲಗಿರಿಯಲ್ಲಿ ಮನೆ ಹಿತ್ತಲಲ್ಲೇ ಬೆಳೆಯುತ್ತಾರೆ. ಇದಕ್ಕಿರುವ ಟಮರಿಲ್ಲೊ ಅನ್ನೋ ಇನ್ನೊಂದು ಹೆಸರು ಆಂಡಿಸ್‌ನದಲ್ಲ, ನ್ಯೂಜಿಲೆಂಡಿನವರು 1967ರಲ್ಲಿ ಮಾರಾಟಕ್ಕೆ ಅಂತ ಇಟ್ಟದ್ದು. ಆಳೆತ್ತರ ಮೀರಿದ ಗಿಡ, ಮೊಟ್ಟೆಯಾಕಾರದ ಕೆಂಪು ಹಣ್ಣು. ಸಿಪ್ಪೆ ಕಹಿ, ತಿನ್ನಬೇಡಿ. ಕೆಂಡದ ಮೇಲೆ ಸುಟ್ಟು, ಸಿಪ್ಪೆ ಸುಲಿದು, ಹಸಿಮೆಣಸಿನಕಾಯಿ, ಉಪ್ಪು, ಬೆಳ್ಳುಳ್ಳಿ ಹಾಕಿ ಕುಟ್ಟಿದ ಚಟ್ನಿ ಅಕ್ಕಿ ರೊಟ್ಟಿಗೆ ಬಹಳ ಚೆನ್ನ. ಬೇರು ಮೇಲೆಮೇಲೆ ಇರುತ್ತದೆ, ಕೊಂಬೆ ಬೇಗ ಮುರಿಯುತ್ತದೆ, ಆದ್ದರಿಂದ ಗಾಳಿ ಬಡಿಯದ ಕಡೆ ನೆಡಿ, ಬುಡದಲ್ಲಿ ನೀರು ನಿಲ್ಲಬಾರದು.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಈ ಕುಟುಂಬದಲ್ಲಿ ವಿಷವೂ ಇದೆ, ಉಮ್ಮತ್ತಿಯೂ ಇದರದೇ ಬಳಗ. ಗಣಿಕೆಯಾಗಲಿ ಬುಡ್ಡೆಯಾಗಲಿ, ಹಸಿರು ಕಾಯಿ ತಿನ್ನಲೇಬಾರದು. ಹೊಟ್ಟೆ ಕೆಡುತ್ತದೆ, ವಾಂತಿಯಾಗುತ್ತದೆ. ಪೂರ್ತಿ ಮಾಗಿದ್ದು ಮಾತ್ರ. ಅಶ್ವಗಂಧದ ಹಣ್ಣೂ ಇದೇ ತರಹ ಬುಡ್ಡೆಯೊಳಗೆ ಇರುತ್ತದೆ. ಹಿರೇಮದ್ದಿನ ಗಿಡ ಅಂತಾರಲ್ಲ, ಅದು. ಅದರ ಹಣ್ಣು ಕಡಲೆಕಾಳಿಗಿಂತ ಚಿಕ್ಕದು, ಕೆಂಪು, ತಿನ್ನೋದಲ್ಲ. ಗುರುತು ಗೊತ್ತಿರುವ ಹಿರಿಯರಿಗೆ ತೋರಿಸದೆ ಬೇಲಿಯ ಹಣ್ಣನ್ನು ಮಕ್ಕಳ ಕೈಗೆ ಕೊಡಬೇಡಿ. ನಿಮ್ಮ ಗಿಡದ ಹೆಸರನ್ನು ಕುಂಡದ ಮೇಲೇ ಬರೆದಿಡಿ.

ಬೀಜಕ್ಕೆ ಪ್ರತಿ ವರ್ಷ ದುಡ್ಡು ಕೊಡಬೇಕಾಗಿಲ್ಲ. ಚೆನ್ನಾಗಿ ಕಾಯಿ ಬಿಟ್ಟ ಗಿಡದಲ್ಲಿ ದಪ್ಪನೆಯ ನಾಲ್ಕು ಹಣ್ಣು ಆರಿಸಿ. ಲೋಟದ ನೀರಲ್ಲಿ ಕಿವುಚಿ ಎರಡು ದಿನ ಬಿಡಿ. ತಿರುಳು ತೇಲುತ್ತದೆ, ಬೀಜ ತಳಕ್ಕೆ ಕೂರುತ್ತದೆ. ಸೋಸಿ, ತಟ್ಟೆಯ ಮೇಲೆ ಹರಡಿ ನೆರಳಲ್ಲಿ ಒಣಗಿಸಿ, ಕಾಗದದಲ್ಲಿ ಕಟ್ಟಿ ತಾರೀಖು ಬರೆಯಿರಿ. ನಾಲ್ಕು ಹಣ್ಣಿನ ಬೀಜ ನಿಮ್ಮ ಬೀದಿಗೆಲ್ಲ ಹಂಚಿದರೂ ಮಿಗುತ್ತದೆ.

ನಮಸ್ಕಾರ.