ಗೇರ್ ಬೀಳುತ್ತಿಲ್ಲ ಅಂದರೆ ಮೊದಲು ಎಲ್ಲಿ ನೋಡಬೇಕು?

ಕೇಳುಗರಿಗೆ ನಮಸ್ಕಾರ.

"ಗೇರ್ ಬೀಳ್ತಿಲ್ಲ ಸಾರ್." ಕಾರು ರಿಪೇರಿ ಮಾಡುವ ಯಾವ ಗ್ಯಾರೇಜಿಗೆ ಹೋದರೂ ಈ ದೂರು ಕಿವಿಗೆ ಬೀಳುತ್ತದೆ. ಅದಕ್ಕೆ ಸಿಗುವ ಉತ್ತರವೂ ಅಷ್ಟೇ ಮಾಮೂಲು: "ಗೇರ್ ಬಾಕ್ಸ್ ಇಳಿಸಿ ನೋಡ್ಬೇಕು." ಅಷ್ಟು ಕೇಳಿದರೆ ಸಾಕು, ಮಾಲೀಕರ ಮುಖ ಬಾಡುತ್ತದೆ. ಇಳಿಸುವ ಕೂಲಿ ಬೇರೆ, ಬಿಚ್ಚಿ ಜೋಡಿಸುವ ಕೂಲಿ ಬೇರೆ, ಒಳಗಿನ ಸಾಮಾನಿನ ದುಡ್ಡು ಬೇರೆ. ಜೊತೆಗೆ ಮೂರು ನಾಲ್ಕು ದಿನ ಕಾರಿಲ್ಲದೆ ಓಡಾಟ.

ಆದರೆ ಗೇರ್ ತೊಂದರೆ ಅಂತ ಬರುವ ಎಷ್ಟೋ ಕಾರುಗಳ ಗೇರ್ ಬಾಕ್ಸ್ ಗಟ್ಟಿಮುಟ್ಟಾಗಿಯೇ ಇರುತ್ತದೆ. ತೊಂದರೆ ಇರುವುದು ಅದರ ಹೊರಗೆ. ಕ್ಲಚ್ ಪೆಡಲಿನ ಕೆಳಗೆ, ಒಂದು ಕೇಬಲಿನಲ್ಲಿ, ಇಲ್ಲವೇ ಬೆರಳ ತುದಿಯಷ್ಟು ದೊಡ್ಡ ಪ್ಲಾಸ್ಟಿಕ್ ಬುಷ್‌ನಲ್ಲಿ, ಅಂದರೆ ಕೇಬಲ್ ತುದಿಯ ಬಳೆಯಲ್ಲಿ. ಅದಕ್ಕೇ ಹೊರಗಿನಿಂದ ಒಳಕ್ಕೆ ನೋಡುತ್ತಾ ಹೋಗಬೇಕು. ಗೇರ್ ಬಾಕ್ಸ್ ಇಳಿಸುವ ಮಾತು ಕೊನೆಗೆ ಬರಲಿ.

ಮೊದಲ ಪರೀಕ್ಷೆಗೆ ಸ್ಪ್ಯಾನರ್ ಕೂಡ ಬೇಡ. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಎಂಜಿನ್ ಆಫ್ ಮಾಡಿ. ಕ್ಲಚ್ ಒತ್ತಿ ಒಂದರಿಂದ ಐದರವರೆಗೆ, ಆಮೇಲೆ ರಿವರ್ಸ್, ಎಲ್ಲ ಗೇರ್ ಹಾಕಿ ನೋಡಿ. ನಂತರ ಎಂಜಿನ್ ಚಾಲೂ ಮಾಡಿ ಅದನ್ನೇ ಮತ್ತೆ ಮಾಡಿ.

ಎಂಜಿನ್ ಆಫ್ ಇದ್ದಾಗ ಸಲೀಸಾಗಿ ಬಿದ್ದ ಗೇರ್, ಎಂಜಿನ್ ಓಡುವಾಗ ಮಾತ್ರ ಬೀಳಲ್ಲ ಅನ್ನುತ್ತಿದೆಯಾ? ಹಾಗಾದರೆ ಮೊದಲ ಅನುಮಾನ ಕ್ಲಚ್ ಮೇಲೆ. ಅದು ಪೂರ್ತಿ ಬಿಡುತ್ತಿಲ್ಲ. ಎರಡು ಸಲವೂ ಒಂದೇ ರೀತಿ ಬಿಗಿ ಇದೆಯಾ? ಹಾಗಾದರೆ ಗೇರ್ ರಾಡ್, ಅದರ ಕೇಬಲ್, ಬುಷ್ ಕಡೆ ನೋಡಬೇಕು. ಎಲ್ಲ ಗೇರ್ ಸರಿಯಾಗಿದ್ದು, ಓಡುವಾಗ ಒಂದೇ ಒಂದು ಗೇರ್ ಮಾತ್ರ ಕರಕರ ಅನ್ನುತ್ತಿದ್ದರೆ ಆಗ ಗೇರ್ ಬಾಕ್ಸಿನ ಒಳಗಿನ ಮಾತು. ಐದು ನಿಮಿಷದ ಕೆಲಸ ಇದು. ಇಷ್ಟು ಮಾಡಿಕೊಂಡು ಮೆಕ್ಯಾನಿಕ್ ಹತ್ತಿರ ಹೋದರೆ ಮಾತುಕತೆಯ ಧಾಟಿಯೇ ಬೇರೆಯಾಗುತ್ತದೆ.

ಯಾಕೆ ಹೀಗೆ ಅಂತ ಒಂದೆರಡು ಮಾತು. ಎಂಜಿನ್ ಓಡುತ್ತಿರುವಾಗ ಅದರ ತಿರುಗಾಟ ಕ್ಲಚ್ ಮೂಲಕ ಗೇರ್ ಬಾಕ್ಸಿನ ಶಾಫ್ಟ್‌ಗೆ ಬರುತ್ತದೆ. ಕ್ಲಚ್ ಒತ್ತಿದಾಗ ಆ ಸಂಬಂಧ ಪೂರ್ತಿ ಕಡಿಯಬೇಕು. ಸ್ವಲ್ಪ ಉಳಿದುಕೊಂಡರೂ ಶಾಫ್ಟ್ ತಿರುಗುತ್ತಲೇ ಇರುತ್ತದೆ. ಎರಡು ಗೇರುಗಳ ವೇಗವನ್ನು ಹೊಂದಿಸುವ ಕೆಲಸ ಹಿತ್ತಾಳೆಯ ಸಿಂಕ್ರೊ ರಿಂಗಿನದು. ತಿರುಗುತ್ತಲೇ ಇರುವ ಶಾಫ್ಟನ್ನು ಪಾಪ, ಅದು ಎಷ್ಟು ಅಂತ ಹಿಡಿದು ನಿಲ್ಲಿಸುತ್ತದೆ? ಈ ಸಿಂಕ್ರೊ ವ್ಯವಸ್ಥೆ ಕಾರಿಗೆ ಬಂದಿದ್ದು 1928ರಲ್ಲಿ, ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ. ಅದಿಲ್ಲದ ಹಳೆಯ ಲಾರಿಗಳನ್ನು ಓಡಿಸಿದವರಿಗೆ ಡಬಲ್ ಕ್ಲಚ್ ಗೊತ್ತಿರುತ್ತದೆ. ಒಮ್ಮೆ ಕ್ಲಚ್ ಒತ್ತಿ ನ್ಯೂಟ್ರಲ್, ಬಿಟ್ಟು ಸ್ವಲ್ಪ ಆಕ್ಸಿಲರೇಟರ್, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರ್. ಕಾಲಿಗೂ ಕಿವಿಗೂ ಹೊಂದಾಣಿಕೆ ಇದ್ದವರಿಗೆ ಮಾತ್ರ ಒಲಿಯುವ ವಿದ್ಯೆ ಅದು.

ಸರಿ, ಕ್ಲಚ್ ಮೇಲೆ ಅನುಮಾನ ಬಂತು. ತಕ್ಷಣ ಕ್ಲಚ್ ಪ್ಲೇಟ್ ಬದಲಾಯಿಸಲು ಹೊರಡಬೇಡಿ. ಮೊದಲು ಬಗ್ಗಿ ಪೆಡಲ್ ಕೆಳಗೆ ನೋಡಿ. ಈಗೆಲ್ಲ ದಪ್ಪ ದಪ್ಪ ಮ್ಯಾಟ್ ಹಾಕಿಸುತ್ತಾರಲ್ಲ, ಎಷ್ಟೋ ಸಲ ಕಳ್ಳ ಅದೇ. ಮ್ಯಾಟ್ ಮುಂದಕ್ಕೆ ಜರುಗಿ ಪೆಡಲ್ ಅಡಿಗೆ ಸಿಕ್ಕಿಕೊಂಡಿರುತ್ತದೆ. ಪೆಡಲ್ ಪೂರ್ತಿ ಕೆಳಗೆ ಹೋಗುವುದಿಲ್ಲ, ಕ್ಲಚ್ ಪೂರ್ತಿ ಬಿಡುವುದಿಲ್ಲ. ಮ್ಯಾಟ್ ತೆಗೆದು ಹಿಂದಿನ ಸೀಟಿಗೆ ಎಸೆದು ಮತ್ತೊಮ್ಮೆ ಗೇರ್ ಹಾಕಿ ನೋಡಿ. ಸರಿಹೋಯಿತು ಅಂದರೆ ರಿಪೇರಿ ಮುಗಿಯಿತು, ಖರ್ಚು ಸೊನ್ನೆ.

ಮ್ಯಾಟ್ ಅಲ್ಲ ಅಂದರೆ ಕೇಬಲ್. ನಮ್ಮ ಸಣ್ಣ ಕಾರುಗಳಲ್ಲಿ ಬಹಳಷ್ಟಕ್ಕೆ ಕ್ಲಚ್ ಕೇಬಲ್ ಇದೆ. ಓಡುತ್ತಾ ಓಡುತ್ತಾ ಅದು ಹಿಗ್ಗುತ್ತದೆ. ಕರಾವಳಿಯಲ್ಲಾದರೆ ಉಪ್ಪುಗಾಳಿಗೆ ಒಳಗಿನ ತಂತಿ ತುಕ್ಕು ಹಿಡಿಯುತ್ತದೆ. ಪೆಡಲ್ ಒತ್ತಿದಾಗ ಮೊದಲು ಸ್ವಲ್ಪ ದೂರ ಯಾವ ಭಾರವೂ ಸಿಗದೆ ಹೋಗುತ್ತದೆ, ಅದಕ್ಕೆ ಫ್ರೀ ಪ್ಲೇ ಅನ್ನುತ್ತಾರೆ. ಅದು ಜಾಸ್ತಿ ಆದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ. ಹೊಂದಿಸುವ ನಟ್ ಇರುವ ಕಾರಾದರೆ ನಟ್ ತಿರುಗಿಸಿ ಸರಿ ಮಾಡಬಹುದು. ತಂತಿಯ ಎಳೆ ಕಿತ್ತು ಬಂದಿದ್ದರೆ ಕೇಬಲ್ ಬದಲಾಯಿಸಿಯೇಬಿಡಿ.

ಕೇಬಲ್ ಬದಲು ಹೈಡ್ರಾಲಿಕ್ ಕ್ಲಚ್ ಇರುವ ಕಾರುಗಳಿವೆ. ಅವುಗಳಲ್ಲಿ ಬ್ರೇಕ್ ಆಯಿಲೇ ಕ್ಲಚ್ಚಿಗೂ ಕೆಲಸ ಮಾಡುತ್ತದೆ. ಇಲ್ಲೊಂದು ಗುರುತು ಹೇಳುತ್ತೇನೆ. ಒಂದೇ ಸಲ ಒತ್ತಿದರೆ ಬೀಳದ ಗೇರ್, ಪೆಡಲನ್ನು ಎರಡು ಮೂರು ಸಲ ಪಂಪ್ ಮಾಡಿದರೆ ಬೀಳುತ್ತದೆಯಾ? ಹಾಗಾದರೆ ಲೈನಿನಲ್ಲಿ ಗಾಳಿ ಸೇರಿದೆ, ಇಲ್ಲವೇ ಆ ಆಯಿಲನ್ನು ತಳ್ಳುವ ಕ್ಲಚ್ ಸಿಲಿಂಡರಿನ ರಬ್ಬರ್ ಹೋಗಿದೆ. ಆಯಿಲ್ ಡಬ್ಬಿಯ ಮಟ್ಟ ನೋಡಿ. ಕ್ಲಚ್ ಪೆಡಲಿನ ಮೇಲ್ಭಾಗದಲ್ಲಿ ಒದ್ದೆ ಇದೆಯಾ ಅಂತ ಕೈ ಹಾಕಿ ನೋಡಿ.

ಕ್ಲಚ್ ಬಿಡುತ್ತಿಲ್ಲ ಅನ್ನುವುದನ್ನು ಖಾತ್ರಿ ಮಾಡಿಕೊಳ್ಳಲು ರಿವರ್ಸ್ ಗೇರ್ ಒಳ್ಳೆಯ ಸಾಕ್ಷಿ. ಬಹಳಷ್ಟು ಕಾರುಗಳಲ್ಲಿ ರಿವರ್ಸಿಗೆ ಸಿಂಕ್ರೊ ಇರುವುದಿಲ್ಲ. ಎಂಜಿನ್ ಓಡುತ್ತಿರಲಿ. ಕ್ಲಚ್ ಪೂರ್ತಿ ಒತ್ತಿ, ನಾಲ್ಕೈದು ಸೆಕೆಂಡ್ ಸುಮ್ಮನೆ ಕಾಯಿರಿ, ಆಮೇಲೆ ರಿವರ್ಸ್ ಹಾಕಿ. ಅಷ್ಟು ಕಾದ ಮೇಲೂ ಕಿರ್ರ್ ಅಂದರೆ ಶಾಫ್ಟ್ ನಿಂತಿಲ್ಲ, ಅಂದರೆ ಕ್ಲಚ್ ಬಿಟ್ಟಿಲ್ಲ. ಕಾಯದೆ ಹಾಕಿದಾಗ ಮಾತ್ರ ಕಿರ್ರ್ ಅನ್ನುತ್ತಿದ್ದರೆ ಅದು ರೋಗವಲ್ಲ, ನಮ್ಮ ಅವಸರ.

ಇದರ ಉಲ್ಟಾ ತೊಂದರೆಯೂ ಇದೆ. ಗೇರ್ ಚೆನ್ನಾಗಿ ಬೀಳುತ್ತದೆ, ಆದರೆ ಗಾಡಿ ಎಳೆಯುವುದಿಲ್ಲ. ಶಿರಾಡಿ ಘಾಟ್ ಹತ್ತುವಾಗ ಎಂಜಿನ್ ಮಾತ್ರ ಅರಚುತ್ತದೆ, ವೇಗ ಏರುವುದಿಲ್ಲ, ಸುಟ್ಟ ವಾಸನೆ ಬೇರೆ. ಇದು ಕ್ಲಚ್ ಸ್ಲಿಪ್. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಹಾಫ್ ಕ್ಲಚ್ ಮೇಲೆ ಇಂಚಿಂಚು ತೆವಳುವವರಿಗೆ, ಕ್ಲಚ್ ಪೆಡಲನ್ನೇ ಕಾಲುಮಣೆ ಮಾಡಿಕೊಂಡವರಿಗೆ ಇದು ಬೇಗ ಬರುತ್ತದೆ. ಪ್ಲೇಟ್ ಸವೆದಿದ್ದರೆ ಬೇರೆ ದಾರಿಯಿಲ್ಲ, ಪ್ಲೇಟ್, ಅದನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್, ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಮೂರನ್ನೂ ಸೆಟ್ ಆಗಿಯೇ ಬದಲಾಯಿಸಿ. ಒಂದು ಉಳಿಸಲು ಹೋಗಿ ಅದೇ ಕೂಲಿಯನ್ನು ಮತ್ತೆ ಕೊಡುವುದು ಯಾಕೆ? ಆದರೆ ಅದಕ್ಕೂ ಮೊದಲು ಫ್ರೀ ಪ್ಲೇ ನೋಡಲು ಹೇಳಿ. ಕೇಬಲ್ ವಿಪರೀತ ಬಿಗಿಯಾಗಿದ್ದರೂ ಕ್ಲಚ್ ಪೂರ್ತಿ ಹಿಡಿಯದೆ ಸ್ಲಿಪ್ ಆಗುತ್ತದೆ.

ಇನ್ನು ಗೇರ್ ರಾಡ್ ಕಡೆ ಬರೋಣ. ಅಂಬಾಸಡರ್, ಪದ್ಮಿನಿ ಕಾರುಗಳಲ್ಲಿ ಸ್ಟೀರಿಂಗ್ ಪಕ್ಕದಲ್ಲೇ ಹ್ಯಾಂಡ್ ಗೇರ್ ಇದ್ದಿದ್ದು ಹಿರಿಯರಿಗೆ ನೆನಪಿರುತ್ತದೆ. ಅದು ಜಾಮ್ ಆದಾಗ ಡ್ರೈವರ್ ನಡುರಸ್ತೆಯಲ್ಲೇ ಇಳಿದು, ಬಾನೆಟ್ ಎತ್ತಿ, ಲಿವರನ್ನು ಕೈಯಲ್ಲೇ ಎಳೆದು ಸರಿ ಮಾಡಿ, ಏನೂ ಆಗದವರಂತೆ ಬಂದು ಕೂರುತ್ತಿದ್ದರು. ಇಂದಿನ ಕಾರುಗಳಲ್ಲಿ ರಾಡ್ ನೆಲದಿಂದ ಎದ್ದಿರುತ್ತದೆ, ಅಲ್ಲಿಂದ ಗೇರ್ ಬಾಕ್ಸಿಗೆ ಸಾಮಾನ್ಯವಾಗಿ ಎರಡು ಕೇಬಲ್ ಹೋಗುತ್ತವೆ. ಒಂದು ಹಿಂದೆ ಮುಂದೆ ಎಳೆಯಲು, ಇನ್ನೊಂದು ಎಡಕ್ಕೆ ಬಲಕ್ಕೆ. ಆದರೆ ನೋಡುವ ವಿಧಾನ ಅದೇ ಹಳೆಯದು, ಬಾನೆಟ್ ಎತ್ತಬೇಕು.

ಎಂಜಿನ್ ಆಫ್ ಇರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ. ಮನೆಯವರೊಬ್ಬರು ಒಳಗೆ ಕೂತು ಕ್ಲಚ್ ಒತ್ತಿ ಗೇರ್ ಬದಲಾಯಿಸುತ್ತಿರಲಿ. ನೀವು ಟಾರ್ಚ್ ಹಿಡಿದು ಗೇರ್ ಬಾಕ್ಸ್ ಮೇಲಿನ ಲಿವರ್ ನೋಡಿ. ಒಳಗೆ ರಾಡ್ ಆಡಿದ ಕೂಡಲೇ ಇಲ್ಲಿ ಲಿವರ್ ಪೂರ್ತಿ ತಿರುಗಬೇಕು. ರಾಡ್ ಇಷ್ಟುದ್ದ ಹೋಗಿ ಲಿವರ್ ಅರ್ಧಕ್ಕೇ ನಿಂತರೆ ಕೇಬಲ್ ತುದಿಯ ಬುಷ್ ಹೋಗಿದೆ. ಎಂಜಿನ್ ಬಿಸಿಗೆ ಆ ಪ್ಲಾಸ್ಟಿಕ್ ಗರಿಗರಿಯಾಗಿ, ಸೀಳಿ, ಪುಡಿಯಾಗಿ ಉದುರಿರುತ್ತದೆ. ಕೆಲವೊಮ್ಮೆ ಬುಷ್ ಪೂರ್ತಿ ಮಾಯವಾಗಿ ಕೇಬಲ್ ತುದಿ ಪಿನ್ ಮೇಲಿಂದ ಕಳಚಿ ಜೋತಾಡುತ್ತಿರುತ್ತದೆ. ಆಗ ಗೇರ್ ರಾಡ್ ಹಿಡಿತವಿಲ್ಲದೆ ಅತ್ತಿತ್ತ ಆಡುತ್ತದೆ, ಯಾವ ಗೇರೂ ಬೀಳುವುದಿಲ್ಲ. ನೋಡಿದವರಿಗೆ ಗೇರ್ ಬಾಕ್ಸೇ ಹೋಯಿತು ಅನ್ನಿಸುತ್ತದೆ. ಬುಷ್ಷಿನ ಬೆಲೆ ಅಲ್ಪ. ಅಂಗಡಿಯಲ್ಲಿ "ಬುಷ್ ಬರಲ್ಲ, ಕೇಬಲ್ ಸೆಟ್ಟೇ ತಗೋಬೇಕು" ಅನ್ನಬಹುದು. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯಲ್ಲಿ ನಾಲ್ಕು ಅಂಗಡಿ ವಿಚಾರಿಸಿ ನೋಡಿ.

ಶಬ್ದದ ವಿಷಯ. ನ್ಯೂಟ್ರಲ್‌ನಲ್ಲಿ ನಿಂತಾಗ ಗುಂಯ್ ಅನ್ನುವ ಸದ್ದು ಇದ್ದು, ಕ್ಲಚ್ ಒತ್ತಿದ ಕೂಡಲೇ ನಿಂತರೆ ಗೇರ್ ಬಾಕ್ಸ್ ಒಳಗಿನ ಬೇರಿಂಗ್ ಕಡೆ ಬೆರಳು ತೋರಿಸುತ್ತದೆ. ಒತ್ತಿದಾಗ ಮಾತ್ರ ಸದ್ದು ಬಂದರೆ ರಿಲೀಸ್ ಬೇರಿಂಗ್. ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೋಗುವಾಗ ಟಕ್ ಟಕ್ ಅಂದರೆ ಅದು ಗೇರ್ ಬಾಕ್ಸ್ ಅಲ್ಲವೇ ಅಲ್ಲ, ಚಕ್ರದ ಪಕ್ಕದ ಡ್ರೈವ್ ಶಾಫ್ಟಿನ ಜಾಯಿಂಟ್. ಅದರ ರಬ್ಬರ್ ಬೂಟ್ ಹರಿದು ಗ್ರೀಸ್ ಚೆಲ್ಲಿರುತ್ತದೆ, ನೋಡಿ.

ಗೇರ್ ಆಯಿಲ್ ಬಗ್ಗೆ ನಮ್ಮಲ್ಲಿ ಭಾರೀ ಉಪೇಕ್ಷೆ. ಎಂಜಿನ್ ಆಯಿಲ್ ವರ್ಷ ವರ್ಷ ಬದಲಾಗುತ್ತದೆ, ಗೇರ್ ಆಯಿಲನ್ನು ಕೇಳುವವರೇ ಇಲ್ಲ. ಸಣ್ಣ ಕಾರಿಗೆ ಬೇಕಾಗುವುದು ಸುಮಾರು 2 ಲೀಟರ್, ಅಷ್ಟೇ. ಬದಲಾಯಿಸುವಾಗ ಮೊದಲು ಬಿಚ್ಚಬೇಕಾದದ್ದು ಪಕ್ಕದಲ್ಲಿರುವ ತುಂಬಿಸುವ ಪ್ಲಗ್, ಆಮೇಲೆ ಕೆಳಗಿನದು. ಇಳಿದಿದ್ದೆಲ್ಲ ಇಳಿದ ಮೇಲೆ ಮೇಲಿನ ಪ್ಲಗ್ ತುಕ್ಕು ಹಿಡಿದು ಬರಲ್ಲ ಅಂದರೆ ಏನು ಗತಿ? ಇಳಿದ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕಿದ್ದರೆ ಒಳಗೆ ನೀರು ಹೋಗಿದೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಮುಳುಗಿತ್ತಲ್ಲ, ಹಾಗೆ ನೆರೆನೀರಲ್ಲಿ ನಿಂತ ಕಾರಿನ ಎಂಜಿನ್ ಆಯಿಲ್ ಜೊತೆಗೆ ಗೇರ್ ಆಯಿಲನ್ನೂ ನೋಡಲೇಬೇಕು. ಇನ್ನೊಂದು ಎಚ್ಚರ, ಡಬ್ಬಿಯ ಮೇಲೆ ಜಿಎಲ್-4, ಜಿಎಲ್-5 ಅಂತ ಗೇರ್ ಆಯಿಲಿನ ದರ್ಜೆ ಇರುತ್ತದೆ. 5 ದೊಡ್ಡದು, ಹಾಗಾಗಿ ಒಳ್ಳೆಯದು ಅಂತ ಹಾಕಿಸಬೇಡಿ. ಜಿಎಲ್-4 ಕೇಳುವ ಗೇರ್ ಬಾಕ್ಸಿಗೆ ಅದು ಹೊಂದದೆ ಹಿತ್ತಾಳೆ ಸಿಂಕ್ರೊ ರಿಂಗ್ ಹಾಳಾಗಬಹುದು. ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಏನಿದೆಯೋ ಅದನ್ನೇ ಹಾಕಿಸಿ.

ಇಷ್ಟೆಲ್ಲ ನೋಡಿ ಆದ ಮೇಲೂ ಎರಡನೇ ಗೇರ್ ಒಂದೇ ಕರಕರ ಅನ್ನುತ್ತಿದ್ದರೆ ಸಿಂಕ್ರೊ ಸವೆದಿದೆ. ಆಗ ಬಾಕ್ಸ್ ಇಳಿಸಲಿ, ಬೇಡ ಅನ್ನಬೇಡಿ. ಗೇರ್ ತಾನಾಗಿಯೇ ನ್ಯೂಟ್ರಲ್ಲಿಗೆ ಹಾರುತ್ತಿದ್ದರೆ ಮಾತ್ರ ಒಮ್ಮೆ ಎಂಜಿನ್ ಮೌಂಟಿಂಗ್, ಅಂದರೆ ಎಂಜಿನ್ ಹಿಡಿದಿರುವ ರಬ್ಬರ್, ನೋಡಲು ಹೇಳಿ. ಆ ರಬ್ಬರ್ ಹರಿದು ಎಂಜಿನ್ ಅಲ್ಲಾಡಿದರೂ ಗೇರ್ ಹಾರುವುದುಂಟು.

ಆಟೋಮ್ಯಾಟಿಕ್ ಕಾರಿನವರು ಇಷ್ಟು ಹೊತ್ತು ಇದು ನಮಗಲ್ಲ ಅಂದುಕೊಂಡಿರಬಹುದು. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ನಮ್ಮಲ್ಲಿಗೆ ಬಂದ ಎಎಂಟಿ, ಅಂದರೆ ಆಟೋಮೇಟೆಡ್ ಮ್ಯಾನುಯಲ್ ಟ್ರಾನ್ಸ್‌ಮಿಷನ್ ಇದೆಯಲ್ಲ, ಅದರೊಳಗೆ ಇರುವುದು ಇದೇ ಮಾಮೂಲಿ ಗೇರ್ ಬಾಕ್ಸ್, ಇದೇ ಕ್ಲಚ್. ಒತ್ತುವುದು ನಮ್ಮ ಕಾಲಲ್ಲ, ಯಂತ್ರ, ಅಷ್ಟೇ ವ್ಯತ್ಯಾಸ. ಏರಿನಲ್ಲಿ ಬ್ರೇಕ್ ಬದಲು ಆಕ್ಸಿಲರೇಟರ್ ಒತ್ತಿ ಗಾಡಿ ನಿಲ್ಲಿಸಿಕೊಂಡರೆ ಅದರ ಕ್ಲಚ್ಚೂ ಸುಡುತ್ತದೆ. ಗೇರ್ ದೀಪ ಹತ್ತಿ ನ್ಯೂಟ್ರಲ್ಲಿನಲ್ಲೇ ನಿಂತರೆ ಮೊದಲು ಬ್ಯಾಟರಿ ಪರೀಕ್ಷೆ ಮಾಡಿಸಿ.

ಪೂರ್ತಿ ಆಟೋಮ್ಯಾಟಿಕ್ ಕಾರಿನಲ್ಲಿ ಗೇರ್ ಲಿವರ್ ಪಿ, ಅಂದರೆ ಪಾರ್ಕಿಂಗ್ ಸ್ಥಾನ ಬಿಟ್ಟು ಅಲ್ಲಾಡದಿದ್ದರೆ ಗಾಬರಿ ಬೇಡ. ಯಾರನ್ನಾದರೂ ಹಿಂದೆ ನಿಲ್ಲಿಸಿ ಬ್ರೇಕ್ ಒತ್ತಿ. ಬ್ರೇಕ್ ಲೈಟ್ ಹತ್ತುತ್ತಿಲ್ಲವಾ? ಪೆಡಲ್ ಮೇಲಿನ ಸಣ್ಣ ಸ್ವಿಚ್ ಇಲ್ಲವೇ ಫ್ಯೂಸ್ ಹೋಗಿದೆ. ನೀವು ಬ್ರೇಕ್ ಒತ್ತಿದ್ದು ಕಾರಿಗೆ ಗೊತ್ತಾಗದೆ ಅದು ಲಿವರ್ ಬಿಡುತ್ತಿಲ್ಲ. ಎಷ್ಟೋ ಕಾರುಗಳಲ್ಲಿ ಲಿವರ್ ಪಕ್ಕ ಒಂದು ಪುಟ್ಟ ಮುಚ್ಚಳ ಇರುತ್ತದೆ. ಹ್ಯಾಂಡ್ ಬ್ರೇಕ್ ಎಳೆದು, ಬ್ರೇಕ್ ಒತ್ತಿಕೊಂಡು, ಮುಚ್ಚಳದ ಕೆಳಗಿನ ಗುಂಡಿಯನ್ನು ಕೀಲಿಕೈಯಿಂದ ಅದುಮಿದರೆ ಲಿವರ್ ಬರುತ್ತದೆ. ಅವತ್ತೇ ಸ್ವಿಚ್ ಹಾಕಿಸಿ, ಬ್ರೇಕ್ ಲೈಟ್ ಇಲ್ಲದ ಗಾಡಿ ಹಿಂದಿನವರಿಗೆ ಅಪಾಯ. ಇಳಿಜಾರಿನಲ್ಲಿ ನಿಲ್ಲಿಸುವಾಗ ಮೊದಲು ಹ್ಯಾಂಡ್ ಬ್ರೇಕ್, ಆಮೇಲೆ ಪಿ. ಉಲ್ಟಾ ಮಾಡಿದರೆ ಗಾಡಿಯ ಭಾರವೆಲ್ಲ ಒಳಗಿನ ಸಣ್ಣ ಕೊಕ್ಕೆಯ ಮೇಲೆ ಬಿದ್ದು ಲಿವರ್ ಬಿಗಿಯುತ್ತದೆ.

ಕೊನೆಗೆ, ಊರಿಂದ ದೂರ ಇದ್ದಾಗ ಮ್ಯಾನುಯಲ್ ಕಾರಿನ ಕ್ಲಚ್ ಕೇಬಲ್ ತುಂಡಾದರೆ? ಮುಂದೆ ರಸ್ತೆ ಖಾಲಿ ಇದ್ದು, ಸಮತಟ್ಟಾಗಿದ್ದರೆ ಹತ್ತಿರದ ಗ್ಯಾರೇಜಿನವರೆಗೆ ಹೋಗಬಹುದು. ಎಂಜಿನ್ ಆಫ್ ಇದ್ದಾಗಲೇ ಒಂದನೇ ಗೇರ್ ಹಾಕಿ, ಕೀ ತಿರುಗಿಸಿ. ಗಾಡಿ ಜಗ್ಗಿ ಹೊರಡುತ್ತದೆ. ಕ್ಲಚ್ ಒತ್ತದೆ ಸ್ಟಾರ್ಟ್ ಆಗದ ಕಾರಾದರೂ ಪೆಡಲ್ ಒತ್ತಿಕೊಂಡೇ ಕೀ ತಿರುಗಿಸಿ, ಕೇಬಲ್ ಇಲ್ಲದ ಪೆಡಲ್ ಒತ್ತಿದರೂ ಕ್ಲಚ್ ಹಿಡಿದೇ ಇರುತ್ತದೆ. ಒಂದನೇ ಅಥವಾ ಎರಡನೇ ಗೇರಿನಲ್ಲೇ ಮೆಲ್ಲಗೆ ಹೋಗಿ. ನಿಲ್ಲಿಸಬೇಕಾದರೆ ನ್ಯೂಟ್ರಲ್ಲಿಗೆ ಎಳೆದು ಬ್ರೇಕ್ ಒತ್ತಿ. ಘಾಟಿಯಲ್ಲಿ, ಪೇಟೆಯ ಟ್ರಾಫಿಕ್ಕಿನಲ್ಲಿ ಈ ಸಾಹಸ ಬೇಡವೇ ಬೇಡ, ಟೋಯಿಂಗ್ ಗಾಡಿ ಕರೆಸಿ. ಕಾರು ಆಟೋಮ್ಯಾಟಿಕ್ ಆಗಿದ್ದರೆ ಫೋನಿನಲ್ಲೇ ಅದನ್ನು ಹೇಳಿಬಿಡಿ. ನಾಲ್ಕೂ ಚಕ್ರ ಮೇಲೇರಿಸಿಕೊಂಡು ಹೋಗುವ ಗಾಡಿಯನ್ನೇ ಕಳಿಸಬೇಕು.

ನಮಸ್ಕಾರ.