ಬಿಬಿಸಿ ಮೈಕ್ರೋಗೆ ಫ್ಲಾಪಿ ಡ್ರೈವ್: ಮೊದಲು ಕಂಟ್ರೋಲರ್ ನೋಡಿ

[ಮೇಜಿನ ಮೇಲೆ ಮುಚ್ಚಳ ತೆಗೆದಿಟ್ಟ ಬಿಬಿಸಿ ಮೈಕ್ರೋ, ಮಾಡೆಲ್ ಬಿ]

ಮಂಗಳೂರಿನಿಂದ ಎಲ್ಲರಿಗೂ ನಮಸ್ಕಾರ. 1984ರ ಹೊತ್ತಿಗೆ, ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ಸರ್ಕಾರದ ಕ್ಲಾಸ್ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಂದದ್ದು ಈ ಕಂಪ್ಯೂಟರ್. ಮೊಹಾಲಿಯ ಸರ್ಕಾರಿ ಚಿಪ್ ಕಂಪನಿ ಎಸ್‌ಸಿಎಲ್ ಇದನ್ನೇ ಯೂನಿಕಾರ್ನ್ ಅಂತ ತಯಾರಿಸಿತು. ಗುಜರಿಯಲ್ಲೋ ಯಾರದಾದರೂ ಅಟ್ಟದಲ್ಲೋ ಒಂದು ಸಿಕ್ಕಿದರೆ, ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಯಾವ ಡ್ರೈವ್ ತಗೊಳ್ಳಲಿ?

ಸ್ವಲ್ಪ ನಿಲ್ಲಿ ಮಾರಾಯ್ರೇ. ಮುಚ್ಚಳ ತೆಗೆದು ಐಸಿ 78 ಅಂತ ಬರೆದ ಜಾಗ ನೋಡಿ. ಫ್ಲಾಪಿ ಕಂಟ್ರೋಲರ್, ಅಂದರೆ ಡ್ರೈವನ್ನು ನಡೆಸುವ ಚಿಪ್, ಕೂರುವುದು ಅಲ್ಲಿ. ಮಾಡೆಲ್ ಬಿಯಲ್ಲಿ ಅದು ಖಾಲಿಯೂ ಇರಬಹುದು, ಯಾಕೆಂದರೆ ಡಿಸ್ಕ್ ಸೌಲಭ್ಯಕ್ಕೆ ಆಗ ಬೇರೆ ದುಡ್ಡು ಕೊಡಬೇಕಿತ್ತು.

[ಹತ್ತಿರದಿಂದ: 40 ಕಾಲಿನ ಚಿಪ್]

ಇದು ಇಂಟೆಲ್ 8271. ಇದಕ್ಕೆ ಸಿಂಗಲ್ ಡೆನ್ಸಿಟಿ, ಅಂದರೆ ಡೇಟಾ ವಿರಳವಾಗಿ ಬರೆಯುವ ಕ್ರಮ, ಮಾತ್ರ ಗೊತ್ತು. ಒಂದು ಟ್ರ್ಯಾಕ್‌ಗೆ, ಅಂದರೆ ಡಿಸ್ಕ್ ಮೇಲಿನ ಒಂದು ಸುತ್ತಿಗೆ, 10 ಸೆಕ್ಟರ್ (ತುಂಡು), ಒಂದೊಂದರಲ್ಲಿ 256 ಬೈಟ್. 40 ಟ್ರ್ಯಾಕ್ ಡಿಸ್ಕ್‌ನ ಒಂದು ಬದಿಯಲ್ಲಿ 100 ಕೆಬಿ, 80 ಟ್ರ್ಯಾಕ್ ಆದರೆ 200 ಕೆಬಿ. ಇನ್ನೊಂದು ವೆಸ್ಟರ್ನ್ ಡಿಜಿಟಲ್ 1770. ಇದಕ್ಕೆ ಒತ್ತೊತ್ತಾಗಿ ಬರೆಯುವ ಡಬಲ್ ಡೆನ್ಸಿಟಿಯೂ ಬರುತ್ತದೆ. ಎಡಿಎಫ್‌ಎಸ್ ಎಂಬ, ಡಿಸ್ಕ್‌ನ ಫೈಲ್ ನೋಡಿಕೊಳ್ಳುವ ತಂತ್ರಾಂಶ ಹಾಕಿದರೆ 80 ಟ್ರ್ಯಾಕ್ ಡಿಸ್ಕ್‌ನ ಎರಡೂ ಬದಿ ಸೇರಿ 640 ಕೆಬಿ!

ಹಾಗಾದರೆ ಸುಮ್ನೆ 1770 ಹಾಕಿದರಾಯ್ತು, ಅಲ್ವಾ? ಅಷ್ಟು ಸುಲಭ ಇಲ್ಲ. ಕಾಪಿ ತಡೆಯಲು ಲಾಕ್ ಮಾಡಿದ ಎಷ್ಟೋ ಹಳೇ ಗೇಮ್‌ಗಳು ನೇರವಾಗಿ 8271ರ ಜೊತೆಗೇ ಮಾತಾಡುತ್ತವೆ. 1770 ಕಂಡರೆ ನಿಂತುಬಿಡುತ್ತವೆ. ನನ್ನ ಅಭಿಪ್ರಾಯ ಇಷ್ಟು: 8271 ಮೊದಲೇ ಇದ್ದರೆ ಕೀಳಬೇಡಿ. ಜಾಗ ಖಾಲಿ ಇದ್ದರೆ 1770 ಬೋರ್ಡ್ ಹಾಕಿ. 8271 ಆ ಕಾಲದಲ್ಲೇ ದುಬಾರಿ, ಸಿಗುವುದೂ ಕಷ್ಟವಾಗಿತ್ತು. ಡಿಎಫ್‌ಎಸ್ (ಡಿಸ್ಕ್ ನಡೆಸುವ ಮಾಮೂಲು ತಂತ್ರಾಂಶ) ಇರುವ ರೋಮ್ ಕೂಡ ಕಂಟ್ರೋಲರ್ ಚಿಪ್‌ಗೆ ತಕ್ಕದ್ದೇ ಬೇಕು, ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ. ಡಿಎಫ್‌ಎಸ್ ಬಂದರೆ 32 ಕೆಬಿ ಮೆಮೊರಿಯಲ್ಲಿ 2816 ಬೈಟ್ ಅದರ ಪಾಲಿಗೆ ಹೋಗುತ್ತದೆ. ಕ್ಯಾಸೆಟ್‌ಗೆಂದು ಬರೆದ ಕೆಲವು ದೊಡ್ಡ ಗೇಮ್‌ಗಳಿಗೆ ಆಗ ಜಾಗ ಸಾಲುವುದಿಲ್ಲ.

[ಟಿಯಾಕ್ ಡ್ರೈವ್‌ನ ಲೇಬಲ್]

ಈಗ ಡ್ರೈವ್. ಟಿಯಾಕ್ ಎಫ್‌ಡಿ-55 ಸಿಕ್ಕಿದರೆ ಮುಂದಿನ ಅಕ್ಷರ ಓದಿ. ಎಫ್ ಅಂದರೆ 80 ಟ್ರ್ಯಾಕ್, ಎರಡು ಬದಿ. ನಾನು ಹುಡುಕುವುದು ಅದನ್ನೇ. ಜಿ ಅಂದರೆ ಪಿಸಿಯ 1.2 ಎಂಬಿ ಡ್ರೈವ್, ಅದು ಬೇಡ. 1.2 ಎಂಬಿ ಡಿಸ್ಕ್‌ಗಳೂ ಬೇಡ, ಅವುಗಳ ಲೇಪನವೇ ಬೇರೆ. 40/80 ಸ್ವಿಚ್ ಇರುವ ಡ್ರೈವ್ ಆದರೆ 40 ಟ್ರ್ಯಾಕ್ ಡಿಸ್ಕ್ ಓದಬಹುದು, ಆದರೆ ಅದರ ಮೇಲೆ ಬರೆಯಬೇಡಿ. 80 ಟ್ರ್ಯಾಕ್ ಡ್ರೈವ್‌ನ ಹೆಡ್ (ಓದಿ ಬರೆಯುವ ತುದಿ) ಸಣ್ಣದು. ಅಂಚಿನಲ್ಲಿ ಹಳೇ ಬರಹ ಉಳಿಯುತ್ತದೆ, ಆಮೇಲೆ 40 ಟ್ರ್ಯಾಕ್ ಡ್ರೈವ್ ಹೊಸದು ಹಳೆಯದು ಎರಡನ್ನೂ ಕಲಸಿ ಓದುತ್ತದೆ.

ಪಿಸಿಯ ಮೂರೂವರೆ ಇಂಚಿನ ಡ್ರೈವ್ ಹಾಕುವವರು ನಡುವೆ ತಂತಿ ತಿರುಚಿರದ 34 ಪಿನ್ ಕೇಬಲ್ ಬಳಸಿ. ಅದು 0 ಅಲ್ಲ, 1ನೇ ಡ್ರೈವ್ ಆಗಿ ಕಾಣುತ್ತದೆ. ಗಾಬರಿ ಬೇಡ, ಡ್ರೈವ್ ಕೆಟ್ಟಿಲ್ಲ.

ದಿನದ ಬಳಕೆಗೆ ನಮ್ಮ ಕರಾವಳಿಯಲ್ಲಿ ನಾನು ಹೇಳುವುದು ಗೋಟೆಕ್. ಪೆನ್‌ಡ್ರೈವನ್ನೇ ಫ್ಲಾಪಿಯಂತೆ ತೋರಿಸುವ ಪೆಟ್ಟಿಗೆ ಇದು. ಆದರೆ ಇದು ಡ್ರೈವ್‌ನ ಜಾಗ ಮಾತ್ರ ತುಂಬುತ್ತದೆ, ಕಂಟ್ರೋಲರ್ ನಿಮ್ಮದೇ ಬೇಕು. ಲಾಕ್ ಇರುವ ಗೇಮ್‌ಗಳ ತೊಂದರೆಯೂ ಹಾಗೇ ಇರುತ್ತದೆ.

[ಫ್ಲಾಪಿಯ ಉದ್ದನೆ ಕಿಟಕಿ, ಬಿಳಿ ಚುಕ್ಕೆಗಳು]

ಕರಾವಳಿ ಅಂತ ಯಾಕೆ ಹೇಳಿದೆ ಅಂದರೆ, ಇದು ನೋಡಿ, ಬೂಷ್ಟು. ಆಟಿ ತಿಂಗಳ ಮಳೆಯ ತೇವಕ್ಕೆ ಡಿಸ್ಕ್ ಮೇಲೆ ಹೀಗೆ ಹಿಡಿಯುತ್ತದೆ. ಇಂಥ ಡಿಸ್ಕನ್ನು ದಯವಿಟ್ಟು ಡ್ರೈವ್‌ಗೆ ಹಾಕಬೇಡಿ. ಕೊಳೆ ಹೆಡ್‌ಗೆ ಅಂಟಿ, ಮುಂದೆ ಹಾಕುವ ಒಳ್ಳೆಯ ಡಿಸ್ಕನ್ನೂ ಕೆರೆದು ಹಾಳು ಮಾಡುತ್ತದೆ. ಯಾವುದೇ ಹಳೇ ಫ್ಲಾಪಿ ಕೈಗೆ ಬಂದರೂ ಒಳಗಿನ ತಟ್ಟೆಯನ್ನು ಬೆರಳಿಂದ ಮೆಲ್ಲಗೆ ತಿರುಗಿಸಿ, ಎರಡೂ ಬದಿಯ ಕಿಟಕಿ ಬೆಳಕಿಗೆ ಹಿಡಿದು ನೋಡಿ. ಅನುಮಾನ ಇದ್ದರೆ ಬದಿಗಿಡಿ. ಹೆಡ್ ಕೊಳೆಯಾಗಿದ್ದರೆ ಹತ್ತಿ ಕಡ್ಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಮುಂದಿನ ಡಿಸ್ಕ್ ಹಾಕಿ.